ಮನೆಯ ಕಚೇರಿಗೆ ಅಂತರಜಾಲ ದೂರವಾಣಿ: ತಂತಿ ರೂಟರಿನ ಆಯ್ಕೆ

ಮನೆಯ ಒಂದು ಕೋಣೆಯಲ್ಲಿಯೇ ಕಚೇರಿ ನಡೆಸುವ ವರ್ತಕರು, ಲೆಕ್ಕಪರಿಶೋಧಕರು ಹಾಗೂ ಸಣ್ಣ ಉದ್ದಿಮೆದಾರರಿಗೆ ಅಂತರಜಾಲ ದೂರವಾಣಿಯು ಉಪಯುಕ್ತ ಸಾಧನವಾಗಿದೆ. ಭಾರತದಲ್ಲಿ ಈ ಸೇವೆಗೆ 2002ರ ಏಪ್ರಿಲ್ 1ರಿಂದ ಸೀಮಿತ ಅನುಮತಿ ದೊರೆಯಿತು. ಪರವಾನಗಿ ಪಡೆದ ದೂರಸಂಪರ್ಕ ಸಂಸ್ಥೆಗಳು ಅಂತರಜಾಲದ ಮೂಲಕ ಸಾಮಾನ್ಯ ದೂರವಾಣಿ ಮತ್ತು ಮೊಬೈಲ್ ಸಂಖ್ಯೆಗಳಿಗೂ ಕರೆ ಒದಗಿಸಲು 2018ರಲ್ಲಿ ಹಾದಿ ಸುಗಮವಾಯಿತು.

ಆದರೆ ದರ ಮಾತನಾಡುವಾಗ ಧ್ವನಿ ತುಂಡಾಗಿ, 'ಹದಿನೈದು' ಎಂದದ್ದು 'ಐದು' ಎಂದು ಕೇಳಿಸಿದರೆ ನಷ್ಟವು ವ್ಯಾಪಾರಿಯದೇ. ಇಂತಹ ತೊಂದರೆ ಕಂಡಾಗ ಅನೇಕರು ಹೆಚ್ಚಿನ ವೇಗದ ಸಂಪರ್ಕಕ್ಕೆ ಹಣ ತೆರುತ್ತಾರೆ. ಅನೇಕ ಸಂದರ್ಭಗಳಲ್ಲಿ ದೋಷವಿರುವುದು ವೇಗದಲ್ಲಲ್ಲ, ಮಾಹಿತಿಯ ಸರದಿಯನ್ನು ನಿರ್ವಹಿಸುವ ರೀತಿಯಲ್ಲಿ.

ಕರೆಗೆ ಬೇಕಾದ ಸಾಮರ್ಥ್ಯ

ಜಿ.711 ಎಂಬ ಪ್ರಚಲಿತ ವಿಧಾನದಲ್ಲಿ ಧ್ವನಿಯು ಸೆಕೆಂಡಿಗೆ 64 ಕಿಲೋಬಿಟ್‌ಗಳಾಗಿ ಮಾರ್ಪಡುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್‌ಗಳು ಹೊರಡುತ್ತವೆ. ಪ್ರತಿಯೊಂದರಲ್ಲೂ 160 ಬೈಟ್ ಧ್ವನಿ ಮತ್ತು ವಿಳಾಸಾದಿ ವಿವರಗಳ 40 ಬೈಟ್ ಇರುತ್ತವೆ. ಹೀಗೆ ಪ್ರತಿ ದಿಕ್ಕಿಗೆ 80 ಕಿಲೋಬಿಟ್ ಬೇಕಾಗುತ್ತದೆ. ಈಥರ್ನೆಟ್ ಹೊದಿಕೆ ಸೇರಿದರೆ ಸುಮಾರು 87. ಅಂದರೆ ಸೆಕೆಂಡಿಗೆ 2 ಮೆಗಾಬಿಟ್ ಅಪ್‌ಲೋಡ್ ಇರುವ ಸಂಪರ್ಕದಲ್ಲಿಯೂ ಹತ್ತು ಕರೆಗಳಿಗೆ ಅವಕಾಶವಿದೆ.

ತೊಡಕು ಎಲ್ಲಿದೆ?

ಮಾತು ಒಂದು ತುದಿಯಿಂದ ಇನ್ನೊಂದನ್ನು ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ತಗಲದಿದ್ದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಮನೆಯವರೊಬ್ಬರು ಅದೇ ವೇಳೆಗೆ ದೊಡ್ಡ ಕಡತವನ್ನು ಕಳುಹಿಸತೊಡಗಿದರೆಂದು ಭಾವಿಸೋಣ. ಮೋಡೆಮ್ಮಿನಲ್ಲಿ 256 ಕಿಲೋಬೈಟ್ ಮಾಹಿತಿ ಕಾದು ನಿಂತರೆ, 2 ಮೆಗಾಬಿಟ್ ಸಂಪರ್ಕದಲ್ಲಿ ಅದು ಹೊರಹೋಗಲು ಸುಮಾರು ಒಂದು ಸೆಕೆಂಡ್ ಬೇಕು. ಸಂತೆಯ ದಿನ ಗಾಡಿಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಅಂಚೆಯವನಂತೆ ಧ್ವನಿಯ ಪುಟ್ಟ ಪ್ಯಾಕೆಟ್ ಅಷ್ಟು ಹೊತ್ತು ಕಾಯಬೇಕಾಗುತ್ತದೆ. ಅಪ್‌ಲೋಡ್ ವೇಗ ಹೆಚ್ಚಿರುವ ಫೈಬರ್ ಸಂಪರ್ಕದಲ್ಲಿ ಈ ತೊಡಕು ಕಡಿಮೆ. ಆದರೆ ಬಳಕೆಯ ಮಿತಿ ಮೀರಿದ ಮೇಲೆ ವೇಗ ಇಳಿಸುವ ಯೋಜನೆಗಳಲ್ಲಿ, ತಿಂಗಳ ಕೊನೆಗೆ ಅದು ಮತ್ತೆ ತಲೆಯೆತ್ತುತ್ತದೆ.

ಪರಿಶೀಲಿಸಬೇಕಾದ ಅಂಶಗಳು

1. ಸರದಿ ನಿರ್ವಹಣೆ: ಇದೇ ಮುಖ್ಯ ಗುಣ. 2018ರಲ್ಲಿ ಅಂತರಜಾಲ ದಾಖಲೆ ಆರ್‌ಎಫ್‌ಸಿ 8290ರಲ್ಲಿ ಪ್ರಕಟವಾದ 'ಎಫ್‌ಕ್ಯೂ-ಕೊಡೆಲ್' ವಿಧಾನವು ದೊಡ್ಡ ಕಡತದ ಹಿಂದೆ ಧ್ವನಿ ಕಾಯದಂತೆ ಪ್ರತ್ಯೇಕ ಸಾಲುಗಳನ್ನು ಏರ್ಪಡಿಸುತ್ತದೆ. ರೂಟರಿನಲ್ಲಿ ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ ಶೇ. 90ರ ಆಸುಪಾಸಿನಲ್ಲಿಟ್ಟರೆ, ಸರದಿಯು ಮೋಡೆಮ್ಮಿನಲ್ಲಿ ಬೆಳೆಯದೆ ರೂಟರಿನ ಹತೋಟಿಯಲ್ಲಿ ಉಳಿಯುತ್ತದೆ. ಈ ಕೆಲಸಕ್ಕೆ ರೂಟರಿನ ಸಂಸ್ಕಾರಕ ಶಕ್ತವಾಗಿರಬೇಕು. ಆದುದರಿಂದ ಈ ಸೌಲಭ್ಯ ಚಾಲೂ ಇದ್ದಾಗ ದೊರೆಯುವ ವೇಗವನ್ನೇ ವಿಚಾರಿಸಬೇಕು.

2. ಸಿಪ್ ಎಎಲ್‌ಜಿ: ಕರೆಯ ಸಂಕೇತಗಳಲ್ಲಿನ ವಿಳಾಸಗಳನ್ನು ತಿದ್ದುವ ಈ ಸೌಲಭ್ಯ ಸಹಾಯಕ್ಕೆಂದೇ ರೂಪುಗೊಂಡದ್ದು. ತಪ್ಪಾಗಿ ತಿದ್ದಿದಾಗ ಒಬ್ಬರ ಧ್ವನಿ ಮಾತ್ರ ಕೇಳಿಸುವುದು, ಕರೆ ಕಡಿದುಹೋಗುವುದು ಮುಂತಾದ ತೊಂದರೆಗಳಾಗುತ್ತವೆ. ಇದನ್ನು ನಿಲ್ಲಿಸಲು ಅವಕಾಶವಿಲ್ಲದ ರೂಟರನ್ನು ಕೊಳ್ಳದಿರುವುದು ಲೇಸು.

3. ಸಂಪರ್ಕ ಸ್ಮರಣೆಯ ಅವಧಿ: ಮೌನವಾಗಿರುವ ದೂರವಾಣಿಯ ದಾರಿಯನ್ನು ರೂಟರ್ ಬೇಗ ಮರೆತರೆ ಒಳಬರುವ ಕರೆ ಗಂಟೆ ಬಾರಿಸುವುದಿಲ್ಲ. ಯುಡಿಪಿ ಸಂಪರ್ಕಗಳಿಗೆ ಈ ಅವಧಿ 2 ನಿಮಿಷಕ್ಕಿಂತ ಕಡಿಮೆಯಿರಬಾರದು, 5 ನಿಮಿಷವಾದರೆ ಉತ್ತಮ ಎಂಬುದು 2007ರ ಆರ್‌ಎಫ್‌ಸಿ 4787ರ ಸಲಹೆ.

4. ಎರಡು ರೂಟರುಗಳ ಗೊಂದಲ: ಫೈಬರ್ ಸೇವಾದಾತರು ಕೊಡುವ ಪೆಟ್ಟಿಗೆಯೂ ಸಾಮಾನ್ಯವಾಗಿ ರೂಟರೇ ಆಗಿರುತ್ತದೆ. ಅದನ್ನು 'ಬ್ರಿಡ್ಜ್' ವಿಧಾನಕ್ಕೆ ಬದಲಿಸಿಕೊಡುವರೇ ಎಂದು ಮೊದಲೇ ಕೇಳಬೇಕು.

5. ಭದ್ರತೆ: ಕಾರ್ಖಾನೆಯ ಗುಪ್ತಪದವನ್ನು ಬದಲಿಸಿ, ಹೊರಗಿನಿಂದ ರೂಟರನ್ನು ನಿಯಂತ್ರಿಸುವ ಅವಕಾಶವನ್ನು ಮುಚ್ಚಬೇಕು. ಖಾತೆಯು ವಂಚಕರ ಕೈಸೇರಿದರೆ ವಿದೇಶಿ ಕರೆಗಳ ಬಿಲ್ಲು ಮಾಲೀಕರ ತಲೆಗೆ ಬೀಳುತ್ತದೆ. ತಯಾರಕರು ತಂತ್ರಾಂಶದ ಪರಿಷ್ಕರಣೆಗಳನ್ನು ಎಷ್ಟು ವರ್ಷ ಒದಗಿಸುವರೆಂಬುದೂ ಮುಖ್ಯ.

6. ವಿದ್ಯುತ್: ಕರೆಂಟು ಹೋದರೆ ಅಂತರಜಾಲ ದೂರವಾಣಿಯೂ ಮೂಕವಾಗುತ್ತದೆ. ಫೈಬರ್ ಪೆಟ್ಟಿಗೆ, ರೂಟರ್, ದೂರವಾಣಿ ಮೂರಕ್ಕೂ ಯುಪಿಎಸ್ ಬೇಕು.

ತಂತಿಯೇ ಏಕೆ?

ಗೋಡೆಗಳ ಅಡ್ಡಿ, ನೆರೆಮನೆಯ ವೈ-ಫೈ ಸಂಕೇತಗಳಿಂದ ನಿಸ್ತಂತು ಸಂಪರ್ಕದಲ್ಲಿ ಪ್ಯಾಕೆಟ್‌ಗಳು ಏರುಪೇರಾಗಿ ತಲುಪಬಹುದು. ಕ್ಯಾಟ್-5ಇ ತಂತಿಯು 100 ಮೀಟರ್‌ವರೆಗೆ ಗಿಗಾಬಿಟ್ ವೇಗವನ್ನು ಸ್ಥಿರವಾಗಿ ಒಯ್ಯುತ್ತದೆ. ಮೊಬೈಲ್ ಮುಂತಾದವುಗಳಿಗೆ ಪ್ರತ್ಯೇಕ ವೈ-ಫೈ ಘಟಕವನ್ನು ಇದೇ ರೂಟರಿಗೆ ಜೋಡಿಸಬಹುದು.

ಖರೀದಿಯ ನಂತರದ ಪರೀಕ್ಷೆ

ಗಣಕದಲ್ಲಿ 'ಪಿಂಗ್' ಆದೇಶ ನೀಡಿ, ಉತ್ತರ ಬರುವ ಅವಧಿಯನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ದೊಡ್ಡ ಕಡತವೊಂದನ್ನು ಕಳುಹಿಸುತ್ತ ಮತ್ತೆ ನೋಡಬೇಕು. 20 ಮಿಲಿಸೆಕೆಂಡ್ ಇದ್ದದ್ದು 30 ಅಥವಾ 40ಕ್ಕೆ ಏರಿದರೆ ಚಿಂತೆಯಿಲ್ಲ. ನೂರಾರು ಮಿಲಿಸೆಕೆಂಡಿಗೆ ಏರಿದರೆ ಅಪ್‌ಲೋಡ್ ಮಿತಿಯನ್ನು ಇನ್ನಷ್ಟು ತಗ್ಗಿಸಿ ಪರೀಕ್ಷಿಸಬೇಕು. ಆಗಲೂ ಸರಿಹೋಗದಿದ್ದರೆ ಆ ರೂಟರ್ ಈ ಕೆಲಸಕ್ಕೆ ತಕ್ಕುದಲ್ಲ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆಯನ್ನು ಮುಗಿಸಿಕೊಳ್ಳುವುದು ಜಾಣತನ.