ಕೇಬಲ್ ಬಿಟ್ಟುಹೋದರೆ ಪ್ರೋಗ್ರಾಮಿಗೆ ಯಾರು ಹೇಳಬೇಕು?

ಹೋದ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾವು ನಾಲ್ವರು ಒಂದು ತಾಪಮಾನ ಸೆನ್ಸರನ್ನು ಯುಎಸ್‌ಬಿ ಮೂಲಕ ಲಿನಕ್ಸ್ ಲ್ಯಾಪ್‌ಟಾಪಿಗೆ ಜೋಡಿಸಿ, ರಾತ್ರಿಯಿಡೀ ಅಳತೆ ಬರೆದುಕೊಳ್ಳಲಿ ಅಂತ ಬಿಟ್ಟು ರೂಮಿಗೆ ಹೋದೆವು. ಬೆಳಗ್ಗೆ ಬಂದು ನೋಡಿದರೆ ಪ್ರೋಗ್ರಾಮ್ ಓಡುತ್ತಲೇ ಇದೆ, ಫೈಲಿನಲ್ಲಿ ಮಾತ್ರ 12.20ರ ನಂತರ ಒಂದು ಸಾಲೂ ಇಲ್ಲ! ಸಡಿಲವಾಗಿದ್ದ ಕೇಬಲ್ ಒಂದು ಕ್ಷಣ ಬಿಟ್ಟು ಮತ್ತೆ ಕೂಡಿಕೊಂಡಿತ್ತು, ಅಷ್ಟೇ. ವರದಿ ಸಲ್ಲಿಸಲು ಎರಡೇ ದಿನ ಉಳಿದಿತ್ತು.

ಆ ಒಂದು ಕ್ಷಣದಲ್ಲಿ ಒಳಗೆ ಏನಾಗುತ್ತದೆ ನೋಡೋಣ. ಸಾಧನ ಬಂದದ್ದು, ಹೋದದ್ದು ಮೊದಲು ತಿಳಿಯುವುದು ಯುಎಸ್‌ಬಿ ಹಬ್‌ಗೆ. ಡೇಟಾ ತಂತಿಯ ವೋಲ್ಟೇಜ್ ಬದಲಾಗುತ್ತದೆ, ಹಬ್ ಅದನ್ನು ಕರ್ನಲ್‌ಗೆ ವರದಿ ಮಾಡುತ್ತದೆ. ಹೊಸದಾಗಿ ಬಂದ ಸಾಧನವಾದರೆ ಕರ್ನಲ್ ಅದರ ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ ಕೇಳಿ ತಕ್ಕ ಡ್ರೈವರ್ ಹುಡುಕುತ್ತದೆ. ಆಮೇಲೆ ನೆಟ್‌ಲಿಂಕ್ ಎಂಬ ಸಾಕೆಟ್ಟಿನಲ್ಲಿ ‘ಯುಇವೆಂಟ್’ ಎಂಬ ಪುಟ್ಟ ಸಂದೇಶ ಕಳಿಸುತ್ತದೆ: ಸೇರಿತೋ ಹೋಯಿತೋ, ಯಾವ ಸಾಧನ, ಯಾವ ಬಗೆಯದು. ಅದನ್ನು ಕೇಳುತ್ತ ಕೂತಿರುವುದು ‘ಯುಡೆವ್’. ಅದು ನಿಯಮಗಳ ಪ್ರಕಾರ ಅನುಮತಿ, ಅಡ್ಡಹೆಸರು ಎಲ್ಲ ಸರಿಮಾಡಿ, ಚಂದಾದಾರರಾದ ಪ್ರೋಗ್ರಾಮುಗಳಿಗೆ ಸುದ್ದಿಯನ್ನು ಮತ್ತೆ ಹಂಚುತ್ತದೆ. ಕರ್ನಲ್‌ನ ಮಾತನ್ನೇ ನೇರವಾಗಿ ಕೇಳಬಹುದಲ್ಲ ಅಂದರೆ, ಕೇಳಬಹುದು. ಆದರೆ ಆ ಹೊತ್ತಿಗೆ ಫೈಲ್ ತೆರೆಯುವ ಅನುಮತಿ ಇನ್ನೂ ಸಿದ್ಧವಾಗಿರದೆ ಇರಬಹುದು. ಹಿಂದೆಲ್ಲ ಪ್ರತಿ ಘಟನೆಗೂ ಕರ್ನಲ್ ‘ಹಾಟ್‌ಪ್ಲಗ್’ ಎಂಬ ಪ್ರೋಗ್ರಾಮನ್ನು ಬೇರೆ ಬೇರೆಯಾಗಿ ಓಡಿಸುತ್ತಿತ್ತು. ಆಗ ‘ಹೋಯಿತು’ ಎಂಬ ಸುದ್ದಿ ‘ಬಂತು’ ಎನ್ನುವುದಕ್ಕಿಂತ ಮೊದಲೇ ಮುಗಿದುಬಿಡುವ ಅಪಾಯವಿತ್ತು.

ನಮ್ಮ ಪ್ರೋಗ್ರಾಮ್ ಯಾರಿಗೂ ಚಂದಾದಾರ ಆಗಿರಲಿಲ್ಲ. ಕೇಬಲ್ ಬಿಟ್ಟಾಗ ರೀಡ್ ಮಾಡಿದರೆ ಸೊನ್ನೆ ಬೈಟ್ ಬರುತ್ತಿತ್ತು. ನಾವು ಟೈಮ್‌ಔಟ್ ಇಟ್ಟುಕೊಂಡಿದ್ದರಿಂದ ‘ಸದ್ಯಕ್ಕೆ ಡೇಟಾ ಇಲ್ಲ’ ಎನ್ನುವುದಕ್ಕೂ ಸೊನ್ನೆಯೇ ಉತ್ತರ. ಹೀಗಾಗಿ ಅದು ಪಾಪ, ಬೆಳಗಿನವರೆಗೂ ಕಾಯುತ್ತಲೇ ಇತ್ತು. ಇನ್ನೊಂದು ತಮಾಷೆ: ಹಳೆಯ ಫೈಲನ್ನು ನಾವು ಮುಚ್ಚದ ಕಾರಣ ಟಿಟಿವೈ-ಯುಎಸ್‌ಬಿ-0 ಎಂಬ ಹೆಸರು ಖಾಲಿಯಾಗಲೇ ಇಲ್ಲ. ಮರಳಿ ಬಂದ ಅದೇ ಸೆನ್ಸರಿಗೆ ಸಿಕ್ಕಿದ್ದು 1ನೇ ನಂಬರು. ಅದಕ್ಕೇ ನಂಬರು ನಂಬಬಾರದು. ಸೀರಿಯಲ್ ಸಂಖ್ಯೆಯಿಂದ ಯುಡೆವ್ ಮಾಡಿಕೊಡುವ ಬೈ-ಐಡಿ ಹೆಸರನ್ನು ಬಳಸಬೇಕು.

ವಿಂಡೋಸ್‌ನಲ್ಲಿ ಇದೇ ಕೆಲಸ ಡಬ್ಲ್ಯುಎಂ-ಡಿವೈಸ್‌ಚೇಂಜ್ ಎಂಬ ಸಂದೇಶದ್ದು. ಅದರ ಒಂದು ಬಗೆ ಎಲ್ಲ ಮುಖ್ಯ ವಿಂಡೋಗಳಿಗೂ ಹೋಗುವ ಡಂಗುರ: ‘ಏನೋ ಬದಲಾಗಿದೆ’ ಅನ್ನುತ್ತದೆ, ಏನು ಅಂತ ಹೇಳುವುದಿಲ್ಲ. ವಿವರ ಬೇಕಿದ್ದರೆ ಆ ಸಾಧನದ ಬಗೆಗೆ ಮೊದಲೇ ಹೆಸರು ನೋಂದಾಯಿಸಿರಬೇಕು. ನಮಗೆ ಇಷ್ಟವಾದದ್ದು ಅಲ್ಲಿನ ಶಿಷ್ಟಾಚಾರ. ‘ಸುರಕ್ಷಿತವಾಗಿ ತೆಗೆಯಿರಿ’ ಒತ್ತಿದಾಗ, ಸಾಧನ ಬಳಸುತ್ತಿರುವ, ನೋಂದಾಯಿಸಿಕೊಂಡ ಪ್ರೋಗ್ರಾಮನ್ನು ‘ತೆಗೆಯಬಹುದಾ?’ ಅಂತ ಕೇಳಲಾಗುತ್ತದೆ. ಅದು ಬೇಡ ಅನ್ನಬಹುದು. ಕಿತ್ತೇಬಿಟ್ಟರೆ ಮಾತ್ರ ಕೇಳುವ ಮಾತೇ ಇಲ್ಲ, ‘ಹೋಯಿತು’ ಅನ್ನುವ ಸುದ್ದಿಯೊಂದೇ.

ತಿದ್ದುವಾಗಲೂ ಒಂದು ತಪ್ಪು ಮಾಡಿದೆವು. ಮೊದಲು ಈಗಿರುವ ಸಾಧನಗಳ ಪಟ್ಟಿ ತೆಗೆದು, ಆಮೇಲೆ ಚಂದಾದಾರರಾದೆವು. ಇವೆರಡರ ನಡುವೆ ಬಂದ ಸಾಧನ ಪಟ್ಟಿಯಲ್ಲೂ ಇರುವುದಿಲ್ಲ, ಸುದ್ದಿಯಲ್ಲೂ ಬರುವುದಿಲ್ಲ. ಕ್ರಮ ತಿರುಗಿಸಿ: ಮೊದಲು ಚಂದಾ, ನಂತರ ಪಟ್ಟಿ. ಒಂದೇ ಸಾಧನ ಎರಡು ಸಲ ಕಾಣಿಸಬಹುದು, ಎರಡನೆಯದನ್ನು ಬಿಟ್ಟರಾಯಿತು.

ಮರುದಿನ ರಾತ್ರಿ ಅಲ್ಲೇ ಕೂತು, ಬೇಕಂತಲೇ ಮೂರು ಸಲ ಕೇಬಲ್ ಕಿತ್ತು ಹಾಕಿದೆವು. ಬೆಳಗ್ಗೆ ಫೈಲಿನಲ್ಲಿ ಮೂರೂ ಕಡೆ ‘ಸೆನ್ಸರ್ ಹೋಯಿತು’, ‘ಸೆನ್ಸರ್ ಬಂತು’ ಅಂತ ಸಮಯದ ಸಮೇತ ಇತ್ತು. ವರದಿಯ ಗ್ರಾಫಿನಲ್ಲಿ ಆ ಮೂರು ಖಾಲಿ ಜಾಗಗಳನ್ನು ಹಾಗೇ ಬಿಟ್ಟು ಸಲ್ಲಿಸಿದೆವು.