ಅತ್ತಾಗ ಮಗುವಿನ ಕೈ ಸೋಲುತ್ತದೆಯೇ? ಅಲಕ್ಷ್ಯ ಬೇಡ

ಲಕ್ವ ಅಂದರೆ ವಯಸ್ಸಾದವರ ಕಾಯಿಲೆ ಎಂದೇ ನಾವು ತಿಳಿದಿದ್ದೇವೆ. ಆದರೆ ಮಕ್ಕಳಿಗೂ ಲಕ್ವ ಹೊಡೆಯಬಹುದು. ಅದಕ್ಕೆ ಕಾರಣವಾಗುವ ರೋಗಗಳಲ್ಲಿ ‘ಮೊಯಮೊಯ’ ಒಂದು. ಇದು ಅಪರೂಪದ ರೋಗ. ಜಪಾನ್, ಕೊರಿಯಾಗಳಲ್ಲಿ ಹೆಚ್ಚು. ನಮ್ಮ ದೇಶದಲ್ಲೂ ಇದೆ.

ಏನಿದು ಮೊಯಮೊಯ?
ಕುತ್ತಿಗೆಯ ಎರಡೂ ಬದಿಯಿಂದ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ತಲೆಯೊಳಗೆ ನಿಧಾನವಾಗಿ ಕಿರಿದಾಗುತ್ತವೆ. ಆಗ ಎಳೆ ಎಳೆಯಾಗಿ ಸಣ್ಣ ನಾಳಗಳು ಹುಟ್ಟುತ್ತವೆ. ಚಿತ್ರ ತೆಗೆದು ನೋಡಿದರೆ ಹೊಗೆಯಂತೆ ಕಾಣುತ್ತವೆ. ಅದಕ್ಕೇ 1969ರಲ್ಲಿ ಜಪಾನಿನ ವೈದ್ಯರಾದ ಸುಜುಕಿ ಮತ್ತು ತಾಕಾಕು ಈ ಹೆಸರನ್ನು ಬಳಸಿದರು.

ಅಳುವುದಕ್ಕೂ ಇದಕ್ಕೂ ಏನು ಸಂಬಂಧ?
ಮಗು ಬಿಕ್ಕಿ ಬಿಕ್ಕಿ ಅತ್ತಾಗ, ಬಿಸಿ ಗಂಜಿಯನ್ನು ಊದಿ ಊದಿ ಆರಿಸಿದಾಗ, ಬಲೂನು ಊದಿದಾಗ ಉಸಿರಾಟ ಜೋರಾಗುತ್ತದೆ. ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮೆದುಳಿನ ರಕ್ತನಾಳಗಳು ಬಿಗಿಯುತ್ತವೆ. ಆರೋಗ್ಯವಂತ ಮಗುವಿಗೆ ಇದರಿಂದ ತೊಂದರೆಯಿಲ್ಲ. ಮೊಯಮೊಯ ಇರುವ ಮಗುವಿಗೆ ಮೊದಲೇ ರಕ್ತ ಸಾಲದು. ಇನ್ನಷ್ಟು ಕಡಿಮೆಯಾದರೆ ಕೈಕಾಲು ಸೋಲುತ್ತದೆ, ಮಾತು ತೊದಲುತ್ತದೆ. ಕೆಲವು ನಿಮಿಷಗಳಲ್ಲಿ ಸರಿಹೋಗಲೂಬಹುದು.

ಇಲ್ಲೇ ನಾವು ಮೋಸ ಹೋಗುವುದು. “ಸುಮ್ನೆ ನಾಟಕ ಮಾಡ್ತಾನೆ”, “ದೃಷ್ಟಿ ಆಗಿದೆ, ಒಂದು ತಾಯಿತ ಕಟ್ಟಿಸಿ” ಅಂತ ಬಿಟ್ಟುಬಿಡುತ್ತೇವೆ. ಕೈ ಸರಿಹೋಯಿತೆಂದರೆ ರೋಗ ಹೋಯಿತೆಂದಲ್ಲ. ಅದು ಮುನ್ಸೂಚನೆ. ಇಂದು ಬಲಗೈ, ಇನ್ನೊಂದು ದಿನ ಎಡಗೈ ಸೋಲಬಹುದು. ರಕ್ತವಿಲ್ಲದೆ ಸತ್ತುಹೋದ ಮೆದುಳಿನ ಭಾಗ ಮತ್ತೆ ಬರುವುದಿಲ್ಲ.

ನಾವು ಮಾಡಬೇಕಾದ್ದು
1. ಮಗುವನ್ನು ಸಮಾಧಾನಪಡಿಸಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ.
2. 108ಕ್ಕೆ ಕರೆ ಮಾಡಿ. ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು.
3. ಯಾವ ಕೈ, ಎಷ್ಟು ಹೊತ್ತು, ಅದಕ್ಕೆ ಮುಂಚೆ ಮಗು ಏನು ಮಾಡುತ್ತಿತ್ತು ಎಂಬುದನ್ನು ವೈದ್ಯರಿಗೆ ಹೇಳಿ. ಮೊಬೈಲಿನಲ್ಲಿ ವಿಡಿಯೋ ಇದ್ದರೆ ಒಳ್ಳೆಯದು.
4. ಆಸ್ಪಿರಿನ್ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ.

ಚಿಕಿತ್ಸೆ ಇದೆ
ಎಂ.ಆರ್.ಐ. ಮತ್ತು ರಕ್ತನಾಳಗಳ ಚಿತ್ರದಿಂದ ರೋಗ ಗೊತ್ತಾಗುತ್ತದೆ. ಕಿರಿದಾದ ನಾಳವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಆದರೆ ಕಿವಿಯ ಮುಂದೆ ನೆತ್ತಿಯ ಚರ್ಮಕ್ಕೆ ಹೋಗುವ ರಕ್ತನಾಳವನ್ನು ಮೆದುಳಿನ ನಾಳಕ್ಕೆ ಜೋಡಿಸುತ್ತಾರೆ, ಇಲ್ಲವೇ ಮೆದುಳಿನ ಮೇಲೆ ಇರಿಸುತ್ತಾರೆ. ಇರಿಸಿದಲ್ಲಿ ಕೆಲವು ತಿಂಗಳಲ್ಲಿ ಹೊಸ ನಾಳಗಳು ಬೆಳೆಯುತ್ತವೆ. ಕೆರೆಯ ಹಳೇ ಕಾಲುವೆ ಮುಚ್ಚಿಹೋದಾಗ ಗದ್ದೆಗೆ ಬೇರೆ ಕಡೆಯಿಂದ ನೀರು ತಿರುಗಿಸಿದ ಹಾಗೆ. ದೊಡ್ಡ ಲಕ್ವ ಹೊಡೆಯುವ ಮೊದಲೇ ಮಾಡಿಸಿದರೆ ಮಗು ಶಾಲೆ, ಆಟ, ಪಾಠ ಎಲ್ಲವನ್ನೂ ಮುಂದುವರಿಸುವ ಸಾಧ್ಯತೆ ಹೆಚ್ಚು.

ರೋಗ ಇದೆಯೆಂದು ಗೊತ್ತಾದ ಮೇಲೆ ಮಗುವಿಗೆ ಸಾಕಷ್ಟು ನೀರು ಕುಡಿಸಿ. ವಾಂತಿಭೇದಿಯಾದರೆ ತಡಮಾಡಬೇಡಿ. ಶಾಲೆಯ ಶಿಕ್ಷಕರಿಗೂ ವಿಷಯ ತಿಳಿಸಿ. ಅಳಿಸಿ, ಹೆದರಿಸಿ ಪಾಠ ಕಲಿಸುವುದು ಯಾವ ಮಗುವಿಗೂ ಬೇಡ, ಈ ಮಗುವಿಗಂತೂ ಬೇಡವೇ ಬೇಡ.

ಸಂಘದ ಸಭೆಯಲ್ಲಿ ಚರ್ಚಿಸೋಣ
• ಅತ್ತಾಗ ಅಥವಾ ಓಡಿದಾಗ ಕೈಕಾಲು ಸೋಲುವ ಮಗು ನಮ್ಮ ಊರಿನಲ್ಲಿ ಇದೆಯೇ?
• ಆ ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ನಮ್ಮಲ್ಲಿ ಯಾರು ಜೊತೆಯಾಗುತ್ತೇವೆ?