ಟ್ರಂಕಿನೊಳಗಿನ ಸೊಳ್ಳೆಪರದೆ

ಎಂಜಿನಿಯರಿಂಗ್ ಓದಲು ಮಂಗಳೂರಿನ ಹಾಸ್ಟೆಲ್ಲಿಗೆ ಹೊರಟಾಗ ಅಮ್ಮ ಟ್ರಂಕಿನ ತಳದಲ್ಲಿ ಒಂದು ಸೊಳ್ಳೆಪರದೆ ಇಟ್ಟಿದ್ದರು. ನಾನು ಅದನ್ನು ಹೊರಗೇ ತೆಗೀಲಿಲ್ಲ. ಯಾರೂ ಕಟ್ಟಲ್ಲ, ನಾನೊಬ್ಬನೇ ಕಟ್ಟಿದರೆ ನಗ್ತಾರೆ ಅಂತ. ಮೂರನೇ ಸೆಮಿಸ್ಟರಿನ ಮಳೆಗಾಲದಲ್ಲಿ ವೈವಾಕ್ಸ್ ಮಲೇರಿಯಾ ಬಂತು. ಇಂಟರ್ನಲ್ಸ್ ಕೈತಪ್ಪಿತು, 14 ದಿನ ಪ್ರೈಮಾಕ್ವಿನ್ ನುಂಗಿದೆ. ವಾಪಸ್ ಬಂದು ಪರದೆ ಕಟ್ಟಿದ ರಾತ್ರಿ ರೂಮ್‌ಮೇಟ್ ತನ್ನ ಸೂಟ್‌ಕೇಸಿನಿಂದ ಇನ್ನೊಂದು ಪರದೆ ತೆಗೆದ! "ನೀನು ಕಟ್ಟಲ್ವಲ್ಲ ಅಂತ ಸುಮ್ಮನಿದ್ದೆ ಮಾರಾಯ" ಅಂದ. ಎದುರು ರೂಮಿನವರು ಮೊದಲ ದಿನದಿಂದಲೂ ಕಟ್ಟುತ್ತಿದ್ದರಂತೆ. ಬೆಳಿಗ್ಗೆ ಮಡಚಿಡುತ್ತಿದ್ದರಿಂದ ನಮಗೆ ಕಂಡಿರಲಿಲ್ಲ, ಅಷ್ಟೆ.

ಇದೂ ಒಂದು ಅಧ್ಯಯನದ ವಿಷಯ ಅಂತ ಗೊತ್ತಾಗಿದ್ದು ಇಲ್ಲಿ ಮಾಸ್ಟರ್ಸ್‌ಗೆ ಬಂದ ಮೇಲೆ. ಕನ್ನಡದಲ್ಲಿ ಇದನ್ನು 'ಅಂದುಕೊಂಡ ರೂಢಿ' ಅನ್ನೋಣ. ಊರವರು ನಿಜವಾಗಿ ಮಾಡುವುದು ಒಂದು; ಅವರು ಹೀಗೆ ಮಾಡುತ್ತಾರೆ ಅಂತ ನಾವು ಅಂದುಕೊಂಡಿರುವುದು ಇನ್ನೊಂದು. ಎಂಜಿನಿಯರುಗಳ ಮಾತಿನಲ್ಲಿ ಹೇಳುವುದಾದರೆ ಮೀಟರ್ ಕೆಟ್ಟಿದೆ, ಆದರೆ ನಾವು ನಡೆಯುವುದು ಅದರ ರೀಡಿಂಗ್ ನೋಡಿಯೇ.

ನೈರುತ್ಯ ಉಗಾಂಡಾದ ಎಂಟು ಹಳ್ಳಿಗಳಲ್ಲಿ ಸಂಶೋಧಕರು ಜನರನ್ನು ಎರಡು ವಿಷಯ ಕೇಳಿದರು: ನೀವು ಪರದೆಯೊಳಗೆ ಮಲಗುತ್ತೀರಾ? ನಿಮ್ಮೂರಿನ ಬಹುಪಾಲು ಜನ ಮಲಗುತ್ತಾರಾ? ಹೆಚ್ಚಿನವರು ದಿನವೂ ಪರದೆ ಬಳಸುವವರೇ. ಆದರೂ ಕೆಲವರು 'ನಮ್ಮೂರಲ್ಲಿ ಹೆಚ್ಚು ಜನ ಬಳಸಲ್ಲ' ಅಂತ ತಿಳಿದಿದ್ದರು. ಪರದೆಯಿಲ್ಲದೆ ಮಲಗುವವರು ಹೆಚ್ಚಾಗಿ ಕಂಡದ್ದು ಹೀಗೆ ತಪ್ಪು ತಿಳಿದವರಲ್ಲೇ. (ಇದರಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಅಂತ ಒಂದು ಸಮೀಕ್ಷೆಯಿಂದ ಹೇಳಕ್ಕಾಗಲ್ಲ. ತಾನು ಬಳಸದವನು ಊರೂ ಬಳಸಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಲ್ಲ!) ಹೆಲ್ಮೆಟ್ ಆದರೆ ರಸ್ತೆಯಲ್ಲಿ ಎಲ್ಲರಿಗೂ ಕಾಣುತ್ತೆ. ಪರದೆ ಇರುವುದು ಮಲಗುವ ಕೋಣೆಯಲ್ಲಿ, ಅದೂ ರಾತ್ರಿ. ಹಾಗಾಗಿ 'ಜನ ಪರದೆಯನ್ನೇ ಬಳಸುತ್ತಿಲ್ಲ' ಅಂತ ದೂರುವ ಪೋಸ್ಟರು ಕೆಟ್ಟ ಮೀಟರನ್ನು ಇನ್ನಷ್ಟು ಕೆಡಿಸುತ್ತೆ ಅನ್ನೋದು ನನ್ನ ಅನಿಸಿಕೆ. ಹೆಚ್ಚಿನವರು ಬಳಸುತ್ತಿರುವ ಊರಲ್ಲಿ ಅದನ್ನೇ ಹೇಳಬೇಕು.

ಇಲ್ಲಿ ಸುವಾನಿಯಲ್ಲಿ ಕಿಟಕಿಗಳಿಗೆ ಜಾಲರಿ ಇದೆ, ಪರದೆಯ ಮಾತೇ ಬರಲ್ಲ. ಆದರೆ ಈ ಸೀಮೆಯೂ ಒಂದು ಕಾಲಕ್ಕೆ ಮಲೇರಿಯಾ ಸೀಮೆಯೇ. 1946ರಲ್ಲಿ ಸಿ.ಡಿ.ಸಿ.ಯನ್ನು ಅಟ್ಲಾಂಟಾದಲ್ಲಿ ತೆರೆದದ್ದೂ ಅದಕ್ಕೇ. 1951ರ ಹೊತ್ತಿಗೆ ಅಮೆರಿಕದಲ್ಲಿ ರೋಗ ತೊಲಗಿತ್ತು. ಮಂಗಳೂರಿನಲ್ಲಿ ಹಾಗಲ್ಲ. ಕಟ್ಟಡ ಏಳುವಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಟ್ಯಾಂಕು, ಇವೇ ಅನಾಫಿಲಿಸ್ ಸೊಳ್ಳೆಯ ತವರು.

ಬೇಸಿಗೆ ರಜೆಗೆ ನಾವು ಊರಿಗೆ ಇಳಿಯುವುದು ಸರಿಯಾಗಿ ಮುಂಗಾರಿನ ಹೊತ್ತಿಗೆ. "ನಾವು ಅಲ್ಲಿಯವರೇ, ನಮಗೇನಾಗುತ್ತೆ" ಅನ್ನೋದು ನಮ್ಮೊಳಗಿನ ಅಂದುಕೊಂಡ ರೂಢಿ. ಹುಟ್ಟಿದೂರು ಅಂತ ಸೊಳ್ಳೆ ರಿಯಾಯಿತಿ ಕೊಡಲ್ಲ. ಕರಾವಳಿಗೆ ಹೋಗುವವರು ಪರದೆ ಕಟ್ಟಿಕೊಳ್ಳಿ, ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ವಾಪಸ್ ಬಂದ ಮೇಲೆ, ತಿಂಗಳುಗಳು ಕಳೆದಿದ್ದರೂ ಸರಿ, ಚಳಿಜ್ವರ ಬಂದರೆ 'ಇಂಡಿಯಾಕ್ಕೆ ಹೋಗಿದ್ದೆ' ಅಂತ ನೀವಾಗಿಯೇ ಹೇಳಿ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು ತಡವಾಗಿ ಏಳುತ್ತೆ, ಇಲ್ಲಿನ ಡಾಕ್ಟರಿಗೆ ಅದು ಥಟ್ಟನೆ ಹೊಳೆಯದೇ ಇರಬಹುದು.